ಲಿವರ್ ಕೆಟ್ಟಿದೆ, ಶುಗರ್ ಕೂಡ ಇದೆ: ಮನೆಯಲ್ಲಿ ನೋಡಿಕೊಳ್ಳುವುದು ಹೇಗೆ?

ಸಕ್ಕರೆ ಕಾಯಿಲೆ ಇರುವವರ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ ಆಗಿರುವ ಮಾತುಗಳಿವೆ. ಅನ್ನ ಕಡಿಮೆ ಮಾಡಿ, ರಾತ್ರಿ ಬೇಗ ಉಂಡು ಮಲಗಿ, ಶುಗರ್ ಏರದಂತೆ ನೋಡಿಕೊಳ್ಳಿ. ಲಿವರ್ ಚೆನ್ನಾಗಿರುವವರಿಗೆ ಇದು ಸರಿ. ಆದರೆ ಅದೇ ಮನುಷ್ಯನಿಗೆ ಸಿರೋಸಿಸ್ ಆಗಿ, ಅಂದರೆ ಲಿವರ್ ಕೆಟ್ಟು ಗಟ್ಟಿಯಾಗಿ, ಹೊಟ್ಟೆಯಲ್ಲಿ ನೀರು ತುಂಬಿದ್ದರೆ, ಕಾಮಾಲೆ ಬಿಡದೆ ಕಾಡುತ್ತಿದ್ದರೆ, ಇದೇ ಪಥ್ಯ ಅವರನ್ನು ಸೊರಗಿಸಿಬಿಡುತ್ತದೆ. ಇಂಥವರಿಗೆ ಒಂದು ದಿನ ಶುಗರ್ 220 ಬಂದರೆ ಡಾಕ್ಟರ್ ಹತ್ತಿರ ಮಾತಾಡಿ ಸರಿಮಾಡಬಹುದು. ನಡುರಾತ್ರಿ 45ಕ್ಕೆ ಇಳಿದರೆ ಬೆಳಗ್ಗೆ ಏಳದೇ ಹೋಗಬಹುದು.

ಹಾಸನ, ಚಿಕ್ಕಮಗಳೂರು ಕಡೆಯ ಬಹಳಷ್ಟು ಜನ ಲಿವರ್ ತಜ್ಞರನ್ನು ಕಾಣಲು ಬೆಂಗಳೂರಿಗೋ ಮಂಗಳೂರಿಗೋ ಹೋಗಿಬರುತ್ತಾರೆ. ಎರಡು ಮೂರು ತಿಂಗಳಿಗೊಮ್ಮೆ ಹತ್ತು ನಿಮಿಷದ ಭೇಟಿ. ಉಳಿದ ದಿನಗಳೆಲ್ಲ ಮನೆಯವರದೇ ಜವಾಬ್ದಾರಿ. ಆಲೂರಿನಲ್ಲಿರುವ ನಮ್ಮ ದೊಡ್ಡಪ್ಪನ ಆರೈಕೆಯಲ್ಲಿ ನಾನೂ ಇದ್ದೇನೆ. ಅಲ್ಲಿ ಕಲಿತದ್ದನ್ನು, ಡಾಕ್ಟರುಗಳನ್ನು ಕೇಳಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ. ಮಾತ್ರೆ, ಇನ್ಸುಲಿನ್ ಡೋಸ್ ಮಾತ್ರ ನೀವಾಗಿಯೇ ಬದಲಿಸಬೇಡಿ. ಇದನ್ನು ಓದಿ, ಪ್ರಶ್ನೆ ಬರೆದುಕೊಂಡು ಡಾಕ್ಟರ್ ಹತ್ತಿರ ಹೋಗಿ.

1. ಮೊದಲು ಲಿವರ್ ಯಾವ ಹಂತದಲ್ಲಿದೆ ಅಂತ ಕೇಳಿ

ಸಿರೋಸಿಸ್ ಆದವರೆಲ್ಲ ಒಂದೇ ಸ್ಥಿತಿಯಲ್ಲಿ ಇರುವುದಿಲ್ಲ. ಕೆಲವರಿಗೆ ಲಿವರ್ ಗಟ್ಟಿಯಾಗಿದ್ದರೂ ಕೆಲಸ ನಡೆಸುತ್ತಿರುತ್ತದೆ. ತೋಟಕ್ಕೆ ಹೋಗಿ ಬರುತ್ತಾರೆ, ಹೊರಗೆ ಏನೂ ಕಾಣುವುದಿಲ್ಲ. ಇನ್ನು ಕೆಲವರಿಗೆ ಹೊಟ್ಟೆಯಲ್ಲಿ ನೀರು, ಕಾಲು ಊತ, ಕಣ್ಣು ಹಳದಿ, ರಕ್ತವಾಂತಿ, ಇಲ್ಲವೇ ಮಂಕು ಕವಿದಂತೆ ತಡವರಿಸುವುದು ಶುರುವಾಗಿರುತ್ತದೆ. ಈ ಎರಡನೆಯ ಗುಂಪಿನವರ ಶುಗರ್ ನೋಡಿಕೊಳ್ಳುವ ರೀತಿಯೇ ಬೇರೆ.

ಡಾಕ್ಟರುಗಳು ಇದಕ್ಕೆ ಚೈಲ್ಡ್-ಪ್ಯೂ ಎಂಬ ಲೆಕ್ಕ ಇಟ್ಟಿದ್ದಾರೆ. ಬಿಲಿರುಬಿನ್, ಆಲ್ಬುಮಿನ್, ರಕ್ತ ಹೆಪ್ಪುಗಟ್ಟುವ ಪರೀಕ್ಷೆ, ಹೊಟ್ಟೆಯ ನೀರು, ಮಂಕುತನ, ಈ ಐದನ್ನೂ ಸೇರಿಸಿ ಎ, ಬಿ, ಸಿ ಅಂತ ಹಂತ ಹೇಳುತ್ತಾರೆ. "ನಮ್ಮವರದು ಎ-ನಾ, ಬಿ-ನಾ, ಸಿ-ನಾ?" ಅಂತ ಕೇಳಿ ಫೈಲಿನ ಮೊದಲ ಹಾಳೆಯಲ್ಲೇ ಬರೆದಿಡಿ. ಜೊತೆಗೆ ಕಿಡ್ನಿ ಹೇಗಿದೆ ಅಂತ ಹೇಳುವ ಕ್ರಿಯಾಟಿನಿನ್ ಸಂಖ್ಯೆ ಕೂಡ. ರಾತ್ರಿ ಹೊತ್ತು ಯಾವುದೋ ಹೊಸ ಡಾಕ್ಟರ್ ಮುಂದೆ ಕೂರಬೇಕಾಗಿ ಬಂದಾಗ ಈ ಹಾಳೆ ಬಹಳ ಸಮಯ ಉಳಿಸುತ್ತದೆ.

2. ಶುಗರ್ ಯಾಕೆ ಹೀಗೆ ಏರಿಳಿಯುತ್ತದೆ

ಲಿವರ್ ನಮ್ಮ ಮೈಯ ಕಣಜ. ಉಂಡಾಗ ಸಕ್ಕರೆಯನ್ನು ತುಂಬಿಟ್ಟುಕೊಂಡು, ಹಸಿದಾಗ ಸ್ವಲ್ಪ ಸ್ವಲ್ಪವೇ ರಕ್ತಕ್ಕೆ ಬಿಡುತ್ತದೆ. ಸಿರೋಸಿಸ್ ಆದಾಗ ತುಂಬಿಡಲು ಜಾಗವೇ ಕಡಿಮೆ. ಹಾಗಾಗಿ ಊಟ ಆದ ಮೇಲೆ ಶುಗರ್ ಜೋರಾಗಿ ಏರುತ್ತದೆ. ಕೆಲವು ಗಂಟೆ ಕಳೆದರೆ ಬಿಡುವುದಕ್ಕೆ ಏನೂ ಉಳಿದಿರುವುದಿಲ್ಲ, ಇಳಿದುಬಿಡುತ್ತದೆ. ಬೆಳಗ್ಗೆ ಖಾಲಿ ಹೊಟ್ಟೆಯ ಶುಗರ್ 90 ಇದ್ದು, ಊಟದ ನಂತರ 280 ಬರುವುದು ಇವರಲ್ಲಿ ಸಾಮಾನ್ಯ.

ಇನ್ನೊಂದು ವಿಷಯ. ಮೈಯಲ್ಲಿ ತಯಾರಾಗುವ ಇನ್ಸುಲಿನ್‌ನಲ್ಲಿ ಸುಮಾರು ಅರ್ಧದಷ್ಟನ್ನು ಲಿವರ್ರೇ ಒಡೆದು ಹಾಕುತ್ತದೆ. ಹಲವು ಮಾತ್ರೆಗಳನ್ನೂ ಅಷ್ಟೇ. ಲಿವರ್ ಸೋತಾಗ ಅವು ರಕ್ತದಲ್ಲಿ ಜಾಸ್ತಿ ಹೊತ್ತು ಉಳಿಯುತ್ತವೆ. ಹತ್ತು ವರ್ಷದಿಂದ ಅದೇ ಮಾತ್ರೆ ನುಂಗುತ್ತಿದ್ದವರಿಗೆ ಇದ್ದಕ್ಕಿದ್ದಂತೆ ಶುಗರ್ ಇಳಿಯಲು ಶುರುವಾದರೆ "ಕಾಯಿಲೆ ವಾಸಿ ಆಗ್ತಿದೆ" ಅಂತ ಖುಷಿಪಡಬೇಡಿ. ಲಿವರ್ ಅಥವಾ ಕಿಡ್ನಿ ಇನ್ನಷ್ಟು ಸೋತಿರಬಹುದು. ಡಾಕ್ಟರಿಗೆ ತಿಳಿಸಿ.

3. ಮಾತ್ರೆಯ ಸ್ಟ್ರಿಪ್ ತಿರುಗಿಸಿ ಓದಿ

ಮುಂದೆ ದೊಡ್ಡದಾಗಿರುವುದು ಕಂಪನಿ ಇಟ್ಟ ಹೆಸರು. ನಮಗೆ ಬೇಕಾದದ್ದು ಹಿಂದೆ ಸಣ್ಣ ಅಕ್ಷರದಲ್ಲಿರುವ ಔಷಧಿಯ ಹೆಸರು. ಒಂದೇ ಮಾತ್ರೆಯಲ್ಲಿ ಎರಡು ಮೂರು ಔಷಧಿ ಸೇರಿರುವುದು ಮಾಮೂಲು: ಗ್ಲಿಮೆಪಿರೈಡ್ 1 ಮಿ.ಗ್ರಾಂ, ಮೆಟ್‌ಫಾರ್ಮಿನ್ 500 ಮಿ.ಗ್ರಾಂ, ಹೀಗೆ. ಓದಲು ಆಗದಿದ್ದರೆ ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ.

ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್: ಲಿವರ್ ಕೆಟ್ಟವರಲ್ಲಿ ಅತಿ ಹೆಚ್ಚು ಭಯಪಡಬೇಕಾದದ್ದು ಈ ಗುಂಪಿಗೆ. ಊಟ ತಪ್ಪಿದ ದಿನವೂ ಇವು ಶುಗರ್ ಇಳಿಸುತ್ತಲೇ ಇರುತ್ತವೆ. ಹೊಟ್ಟೆಯಲ್ಲಿ ನೀರು ತುಂಬಿದವರು ಇನ್ನೂ ಇದನ್ನೇ ನುಂಗುತ್ತಿದ್ದರೆ ಮುಂದಿನ ಭೇಟಿಯವರೆಗೆ ಕಾಯಬೇಡಿ, ಇವತ್ತೇ ಫೋನ್ ಮಾಡಿ ಕೇಳಿ.

ಮೆಟ್‌ಫಾರ್ಮಿನ್ ವಿಷಯದಲ್ಲಿ ಗೊಂದಲ ಜಾಸ್ತಿ. ಸಿರೋಸಿಸ್ ಅಂದ ಕೂಡಲೇ ನಿಲ್ಲಿಸಬೇಕು ಅಂತೇನೂ ಇಲ್ಲ. ಲಿವರ್ ಇನ್ನೂ ಕೆಲಸ ಮಾಡುತ್ತಿದ್ದು, ಕಿಡ್ನಿ ಚೆನ್ನಾಗಿದ್ದು, ಮದ್ಯದ ಅಭ್ಯಾಸ ಇಲ್ಲದಿದ್ದರೆ ಡಾಕ್ಟರುಗಳು ಮುಂದುವರಿಸುತ್ತಾರೆ, ಅದರಿಂದ ಲಾಭವೂ ಇದೆ. ಲಿವರ್ ಪೂರ್ತಿ ಸೋತಾಗ, ಕಿಡ್ನಿಗೂ ಪೆಟ್ಟು ಬಿದ್ದಾಗ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಸೇರಿಕೊಳ್ಳುವ ಅಪಾಯ ಇರುವುದರಿಂದ ನಿಲ್ಲಿಸುತ್ತಾರೆ. ಪಯೋಗ್ಲಿಟಜೋನ್ ಮೈಯಲ್ಲಿ ನೀರು ನಿಲ್ಲಿಸುತ್ತದೆ, ಊತ ಇರುವವರಿಗೆ ಬೇಡ. ವಿಲ್ಡಾಗ್ಲಿಪ್ಟಿನ್ ಕೂಡ ಲಿವರ್ ಕಾಯಿಲೆಯವರಿಗೆ ಸರಿಯಲ್ಲ. ಡಪಾಗ್ಲಿಫ್ಲೋಜಿನ್ ಥರದವು ಮೂತ್ರದಲ್ಲಿ ಸಕ್ಕರೆ, ನೀರು ಎರಡನ್ನೂ ಹೊರಹಾಕುತ್ತವೆ. ನೀರಿಳಿಸುವ ಮಾತ್ರೆಯೂ ಜೊತೆಗಿದ್ದರೆ ಬಿ.ಪಿ. ಕುಸಿಯಬಹುದು.

4. ಇನ್ಸುಲಿನ್‌ಗೆ ಹೆದರಬೇಡಿ, ಸಿರಿಂಜ್ ಮೇಲೆ ಕಣ್ಣಿಡಿ

"ಇನ್ಸುಲಿನ್ ಅಂದ್ರೆ ಕೊನೇ ಹಂತ" ಅಂತ ಅಳುವವರನ್ನು ನೋಡಿದ್ದೇನೆ. ಹಾಗಲ್ಲ. ಲಿವರ್ ಸೋತವರಿಗೆ ಎಲ್ಲಕ್ಕಿಂತ ಸುರಕ್ಷಿತ ದಾರಿ ಸಾಮಾನ್ಯವಾಗಿ ಇದೇ. ಉಂಡದ್ದಕ್ಕೆ ತಕ್ಕಂತೆ ಹೆಚ್ಚು ಕಡಿಮೆ ಮಾಡಬಹುದು, ಊಟ ಬೇಡ ಅಂದ ಹೊತ್ತು ಡಾಕ್ಟರ್ ಹೇಳಿದಂತೆ ಬಿಡಬಹುದು. ಮಾತ್ರೆ ನುಂಗಿದ ಮೇಲೆ ಅದನ್ನು ವಾಪಸ್ ತೆಗೆಯಲು ಆಗುವುದಿಲ್ಲ ಅಲ್ವಾ?

ಈಗ ಸಿರಿಂಜ್. ನಮ್ಮಲ್ಲಿ ಸಿಗುವ ಸಾಮಾನ್ಯ ಇನ್ಸುಲಿನ್ ಬಾಟಲಿಗಳಲ್ಲಿ ಒಂದು ಎಂ.ಎಲ್.ಗೆ 40 ಯೂನಿಟ್ ಇರುತ್ತದೆ. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಪೆನ್ನಿನ ಕಾರ್ಟ್ರಿಜ್ ಮತ್ತು ಕೆಲವು ಬಾಟಲಿಗಳಲ್ಲಿ ಒಂದು ಎಂ.ಎಲ್.ಗೆ 100 ಯೂನಿಟ್. ಅದರ ಸಿರಿಂಜಿಗೆ ಕಿತ್ತಳೆ ಮುಚ್ಚಳ. 100ರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 10ರ ಗೆರೆವರೆಗೆ ಎಳೆದರೆ ಮೈಗೆ ಹೋಗುವುದು 25 ಯೂನಿಟ್. ಕಣಜ ಖಾಲಿ ಇರುವ ಮನುಷ್ಯನಿಗೆ ಇದು ಜೀವಕ್ಕೇ ಕುತ್ತು. ಅಂಗಡಿಯಲ್ಲಿ ಸಿರಿಂಜ್ ಕೊಳ್ಳುವಾಗ ಬಾಟಲಿಯನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಿ, ಎರಡರ ಮೇಲೂ ಒಂದೇ ಸಂಖ್ಯೆ ಇದೆಯಾ ನೋಡಿ. ಪೆನ್ನಿನ ಕಾರ್ಟ್ರಿಜ್‌ಗೆ ಸಿರಿಂಜ್ ಚುಚ್ಚಿ ಎಳೆಯಲೇಬೇಡಿ.

ಊತ ಇರುವ ಜಾಗಕ್ಕೆ ಚುಚ್ಚಬೇಡಿ. ಹೊಟ್ಟೆ ನೀರಿನಿಂದ ಬಿಗಿದಿದ್ದರೆ ತೊಡೆಗೆ ಕೊಡಬಹುದಾ, ತೊಡೆಯೂ ಊದಿದ್ದರೆ ತೋಳಿಗೆ ಕೊಡಬಹುದಾ ಅಂತ ಡಾಕ್ಟರ್ ಅಥವಾ ನರ್ಸ್ ಹತ್ತಿರ ತೋರಿಸಿ ಕೇಳಿ.

ಮಳೆಗಾಲದಲ್ಲಿ ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆ ಕರೆಂಟು ದಿನಗಟ್ಟಲೆ ಹೋಗುತ್ತದೆ. ಅದಕ್ಕೆ ಗಾಬರಿ ಬೇಡ. ಬಳಸುತ್ತಿರುವ ಬಾಟಲಿಯನ್ನು ಮನೆಯ ತಂಪು ಜಾಗದಲ್ಲಿ ಸಾಮಾನ್ಯವಾಗಿ 28 ದಿನ ಇಡಬಹುದು, ನಿಮ್ಮದಕ್ಕೆ ಎಷ್ಟು ಅಂತ ಡಬ್ಬಿಯ ಮೇಲೆ ನೋಡಿ. ಮಲೆನಾಡಿನ ಮಳೆಗಾಲಕ್ಕೆ ಬೇರೆ ತಂಪು ಏನೂ ಬೇಡ. ಅರಸೀಕೆರೆ, ಕಡೂರಿನ ಬೇಸಿಗೆಯಾದರೆ ಮಣ್ಣಿನ ಮಡಕೆಯಲ್ಲಿ ನೀರು ಹಾಕಿ, ನೀರು ತಾಗದಂತೆ ಡಬ್ಬಿಯಲ್ಲಿಟ್ಟು ಇಡಿ. ಒಲೆ ಹತ್ತಿರದ ಕಪಾಟಿನಲ್ಲಿ ಇಡಬೇಡಿ, ಫ್ರೀಜರಿನಲ್ಲಂತೂ ಬೇಡವೇ ಬೇಡ.

5. ಮೂರು ತಿಂಗಳ ಶುಗರ್ ಟೆಸ್ಟ್ ನಂಬಿ ಕೂರಬೇಡಿ

ಎಚ್‌ಬಿಎ1ಸಿ ಟೆಸ್ಟ್ ಕೆಂಪು ರಕ್ತಕಣಗಳಿಗೆ ಅಂಟಿದ ಸಕ್ಕರೆಯನ್ನು ಅಳೆಯುತ್ತದೆ. ಸಿರೋಸಿಸ್‌ನಲ್ಲಿ ಗುಲ್ಮ, ಅಂದರೆ ಸ್ಪ್ಲೀನ್, ದೊಡ್ಡದಾಗಿ ಆ ಕಣಗಳು ಬೇಗ ಸಾಯುತ್ತವೆ. ಸಕ್ಕರೆ ಅಂಟಿಕೊಳ್ಳಲು ಸಮಯವೇ ಸಿಗುವುದಿಲ್ಲ. ರಕ್ತ ಹಾಕಿಸಿಕೊಂಡಿದ್ದರೂ ಲೆಕ್ಕ ತಪ್ಪುತ್ತದೆ. ರಿಪೋರ್ಟಿನಲ್ಲಿ 5.8 ಬಂದಿರುತ್ತದೆ, ದಿನಾ ಊಟದ ನಂತರ 300 ಇರುತ್ತದೆ.

ಹಾಗಾಗಿ ಬೆರಳಿನ ಟೆಸ್ಟ್ ಮುಖ್ಯ. ಬೆಳಗ್ಗೆ ಖಾಲಿ ಹೊಟ್ಟೆ, ಊಟವಾಗಿ ಎರಡು ಗಂಟೆಗೆ, ಮಲಗುವ ಮುಂಚೆ. ದಿನಾ ಮೂರೂ ಆಗದಿದ್ದರೆ ಒಂದೊಂದು ದಿನ ಒಂದೊಂದು ಹೊತ್ತು. ಹೊಸ ಔಷಧಿ ಶುರು ಮಾಡಿದ ವಾರ ರಾತ್ರಿ 3 ಗಂಟೆಗೆ ಒಮ್ಮೆ ಎದ್ದು ನೋಡುವುದು ಒಳ್ಳೆಯದು. ಕೈ ತೊಳೆದೇ ಚುಚ್ಚಿ. ಬಾಳೆಹಣ್ಣು ಸುಲಿದ ಬೆರಳಿನಲ್ಲಿ ನೋಡಿದರೆ ಸುಮ್ನೆ ಜಾಸ್ತಿ ತೋರಿಸುತ್ತದೆ. ರಕ್ತಹೀನತೆ ಇರುವವರಲ್ಲಿ ಕೆಲವು ಮೀಟರುಗಳು ಇರುವುದಕ್ಕಿಂತ ಜಾಸ್ತಿ ತೋರಿಸುತ್ತವೆ ಅನ್ನುವುದೂ ನೆನಪಿರಲಿ. ಮೀಟರ್ 80 ಅನ್ನುತ್ತಿದೆ, ಮನುಷ್ಯ ಬೆವರುತ್ತಿದ್ದಾನೆ ಅಂದರೆ ಮನುಷ್ಯನನ್ನು ನಂಬಿ.

ಎಷ್ಟಿರಬೇಕು? ವಯಸ್ಸಾಗಿ ಹಲವು ಕಾಯಿಲೆ ಇರುವವರಿಗೆ ಅಮೆರಿಕದ ಡಯಾಬಿಟಿಸ್ ಸಂಘ ಹೇಳುವ ಅಳತೆ ಬೆಳಗ್ಗೆ 90ರಿಂದ 150, ಮಲಗುವಾಗ 100ರಿಂದ 180. ತೀರಾ ನಿತ್ರಾಣ ಆದವರಿಗೆ ಇನ್ನೂ ಸ್ವಲ್ಪ ಸಡಿಲ. ನಿಮ್ಮವರಿಗೆ ಎಷ್ಟು ಅಂತ ಡಾಕ್ಟರಿಂದ ಬರೆಸಿಕೊಳ್ಳಿ. ಆರೋಗ್ಯವಂತರ ಸಂಖ್ಯೆಯ ಹಿಂದೆ ಓಡಬೇಡಿ.

6. ಊಟ: ಇಲ್ಲಿ ಕೈ ಬಿಗಿ ಹಿಡಿಯಬೇಡಿ

ನನ್ನ ಮಟ್ಟಿಗೆ ಇದು ಔಷಧಿಯಷ್ಟೇ ದೊಡ್ಡ ವಿಷಯ. ನಮ್ಮ ಕಡೆ ಕಾಮಾಲೆ ಅಂದ ಕೂಡಲೇ ಉಪ್ಪಿಲ್ಲದ ಗಂಜಿ, ಎಣ್ಣೆ ಬೇಡ, ಬೇಳೆ ಬೇಡ, ಮೊಟ್ಟೆ ಮುಟ್ಟಲೇಬಾರದು ಅನ್ನುವ ಪಥ್ಯ. ಅದರ ಮೇಲೆ ಶುಗರ್ ಪಥ್ಯ ಬೇರೆ. ಎರಡೂ ಸೇರಿ ಮೂರೇ ತಿಂಗಳಲ್ಲಿ ತೋಳು ಕಡ್ಡಿಯಾಗುತ್ತದೆ. ಹೊಟ್ಟೆ ನೀರಿನಿಂದ ದೊಡ್ಡದಾಗಿರುವುದರಿಂದ ತೂಕ ಇಳಿದದ್ದೂ ಗೊತ್ತಾಗುವುದಿಲ್ಲ. ಭುಜ, ತೊಡೆ, ಕೆನ್ನೆ ನೋಡಿ, ಗೊತ್ತಾಗುತ್ತದೆ.

ಲಿವರ್ ಸೋತವರಿಗೆ ಒಂದು ಕಿಲೋ ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. ನೀರಿನ ತೂಕ ಕಳೆದು 60 ಕಿಲೋ ಇದ್ದರೆ 72ರಿಂದ 90 ಗ್ರಾಂ. ಮೊಟ್ಟೆ ಒಂದಕ್ಕೆ 6 ಗ್ರಾಂ, ಒಂದು ಲೋಟ ಹಾಲಿಗೆ ಸುಮಾರು 6, ಹಸಿ ಲೆಕ್ಕದಲ್ಲಿ 50 ಗ್ರಾಂ ಬೇಳೆಗೆ 11-12, 50 ಗ್ರಾಂ ಒಣ ಸೋಯಾ ಚಂಕ್ಸ್‌ಗೆ ಸುಮಾರು 25. ಅಂದರೆ ಅನ್ನ ತಿಳಿಸಾರಿನಲ್ಲಿ ಇದು ಆಗುವ ಮಾತಲ್ಲ. ಬೇಳೆ, ಕಾಳು, ಮೊಸರು, ಮೊಟ್ಟೆ, ಮೀನು ಪ್ರತಿ ಹೊತ್ತೂ ತಟ್ಟೆಯಲ್ಲಿ ಇರಬೇಕು. ಮಾಗಿಯಲ್ಲಿ ಅವರೆಕಾಳು ಬಂದಾಗ ಹಿತಕಿದ ಬೇಳೆ ಸಾರು ಧಾರಾಳವಾಗಿ ಬಡಿಸಿ. ತಲೆಗೆ ಮಂಕು ಕವಿಯುವ ತೊಂದರೆ ಇದ್ದವರಿಗೂ ಪ್ರೋಟೀನ್ ನಿಲ್ಲಿಸಬಾರದು ಅಂತಲೇ ಈಗಿನ ಸಲಹೆ.

ಮುದ್ದೆ, ಅಕ್ಕಿರೊಟ್ಟಿ, ಕಡುಬು ಯಾವುದೂ ನಿಷಿದ್ಧ ಅಲ್ಲ. ಒಂದೇ ಸಲಕ್ಕೆ ನಾಲ್ಕು ಕಡುಬು ಬೇಡ, ಎರಡು ಸಾಕು. ಜೊತೆಗೆ ಕಾಳಿನ ಪಲ್ಯವೋ ಮೊಟ್ಟೆಯೋ ಇರಲಿ. ಮೂರು ದೊಡ್ಡ ಊಟದ ಬದಲು ಐದಾರು ಸಣ್ಣ ಊಟ. ಎಚ್ಚರ ಇರುವಾಗ ಮೂರು ನಾಲ್ಕು ಗಂಟೆಗಿಂತ ಜಾಸ್ತಿ ಹೊಟ್ಟೆ ಖಾಲಿ ಇರಬಾರದು.

ಮಲಗುವ ಮುಂಚಿನ ತಿಂಡಿಯನ್ನು ದಯವಿಟ್ಟು ತಪ್ಪಿಸಬೇಡಿ. ಸಿರೋಸಿಸ್ ಇರುವವರಿಗೆ ಒಂದು ರಾತ್ರಿಯ ಉಪವಾಸ ಆರೋಗ್ಯವಂತರ ಎರಡು ಮೂರು ದಿನದ ಉಪವಾಸಕ್ಕೆ ಸಮ. ಮೈ ತನ್ನ ಮಾಂಸವನ್ನೇ ಕರಗಿಸಿ ಸಕ್ಕರೆ ಮಾಡಿಕೊಳ್ಳುತ್ತದೆ. ಅದಕ್ಕೆ ಮಲಗುವಾಗ ಸುಮಾರು 50 ಗ್ರಾಂ ಕಾರ್ಬೋಹೈಡ್ರೇಟ್ ಇರುವ ತಿಂಡಿ ಕೊಡಬೇಕು. ಎರಡು ಚಪಾತಿ, ಒಂದು ಲೋಟ ಹಾಲು. ಅಥವಾ ಮೂರು ನಾಲ್ಕು ದೊಡ್ಡ ಚಮಚ ಹಿಟ್ಟಿನ ರಾಗಿ ಗಂಜಿಗೆ ಹಾಲು ಹಾಕಿ, ಜೊತೆಗೆ ಒಂದು ಸಣ್ಣ ಬಾಳೆಹಣ್ಣು. ದೊಡ್ಡಮ್ಮ ರಾತ್ರಿ ಹತ್ತಕ್ಕೆ ರಾಗಿ ಗಂಜಿ ಕೊಡುತ್ತಾರೆ, ಹಾಸಿಗೆ ಪಕ್ಕದಲ್ಲಿ ಮುಚ್ಚಿದ ಡಬ್ಬಿಯಲ್ಲಿ ಹುರಿಗಡಲೆ ಇಡುತ್ತಾರೆ. ಇದರಿಂದ ಬೆಳಗಿನ ಶುಗರ್ ಸ್ವಲ್ಪ ಏರಿದರೆ ತಿಂಡಿ ನಿಲ್ಲಿಸಬೇಡಿ, ಔಷಧಿ ಸರಿಪಡಿಸಲು ಡಾಕ್ಟರನ್ನು ಕೇಳಿ.

ಏಕಾದಶಿ, ಶಿವರಾತ್ರಿ, ಶನಿವಾರದ ಒಪ್ಪೊತ್ತು, ರಂಜಾನ್ ರೋಜಾ, ಯಾವುದೂ ಇವರಿಗೆ ಬೇಡ. ಹಿರಿಯರು ಹಟ ಹಿಡಿದರೆ ನೀವು ವಾದಕ್ಕೆ ಇಳಿಯುವ ಬದಲು ಡಾಕ್ಟರ್ ಬಾಯಿಂದಲೇ ಹೇಳಿಸಿ.

ಉಪ್ಪು: ಹೊಟ್ಟೆಯಲ್ಲಿ ನೀರಿದ್ದರೆ ಇಡೀ ದಿನಕ್ಕೆ ಒಂದು ಟೀ ಚಮಚ, ಅಂದರೆ 5 ಗ್ರಾಂ. ಉಪ್ಪಿನಕಾಯಿ, ಹಪ್ಪಳ, ಒಣಮೀನು, ಬೇಕರಿ ಖಾರ ಎಲ್ಲ ಆ ಲೆಕ್ಕದಲ್ಲೇ ಬರುತ್ತವೆ. ಉಪ್ಸಾರು ಮಾಡುವ ದಿನ ಅವರ ಪಾಲನ್ನು ಉಪ್ಪು ಹಾಕುವ ಮುಂಚೆಯೇ ತೆಗೆದಿಟ್ಟು ನಿಂಬೆಹಣ್ಣು ಹಿಂಡಿ ಕೊಡಿ. ಆದರೆ ಊಟವೇ ಸೇರದಷ್ಟು ಸಪ್ಪೆ ಮಾಡಬೇಡಿ. ಅಂಗಡಿಯಲ್ಲಿ ಸಿಗುವ "ಕಡಿಮೆ ಸೋಡಿಯಂ" ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ನೀರಿಳಿಸಲು ಕೊಡುವ ಸ್ಪಿರೊನೊಲ್ಯಾಕ್ಟೋನ್ ಮಾತ್ರೆ ನುಂಗುವವರಿಗೆ ಅದು ಅಪಾಯ. ದಿನಾ ಎಳನೀರು ಕುಡಿಸುವುದಕ್ಕೂ ಇದೇ ಕಾರಣಕ್ಕೆ ಕೇಳಿಯೇ ಮುಂದುವರಿಯಿರಿ.

ಕಾಫಿ ಕುಡೀಬಹುದಾ ಅಂತ ಎಲ್ಲರೂ ಕೇಳುತ್ತಾರೆ, ನಮ್ಮ ಊರುಗಳಲ್ಲಿ ಕೇಳದೇ ಇರುತ್ತಾರಾ! ಕುಡಿಯಬಹುದು. ಕಾಫಿ ಕುಡಿಯುವವರಲ್ಲಿ ಲಿವರ್ ಗಟ್ಟಿಯಾಗುವುದು ಕಡಿಮೆ ಅಂತ ಹಲವು ಅಧ್ಯಯನಗಳಲ್ಲಿ ಕಂಡಿದೆ. ಸಕ್ಕರೆ, ಬೆಲ್ಲ ಎರಡೂ ಬೇಡ. ಬೆಲ್ಲದ ಕಾಫಿ ಶುಗರಿಗೆ ಒಳ್ಳೆಯದು ಅನ್ನುವುದು ಸುಳ್ಳು.

7. ಮಾತು ತಡವರಿಸಿದರೆ ಮೊದಲು ಬೆರಳು ಚುಚ್ಚಿ

ಲಿವರ್ ಸೋತವರಿಗೆ ರಕ್ತದಲ್ಲಿ ಅಮೋನಿಯಾದಂಥ ಕಲ್ಮಶ ಸೇರಿ ಮಂಕು ಕವಿಯುತ್ತದೆ. ಹಗಲು ನಿದ್ದೆ, ರಾತ್ರಿ ಎಚ್ಚರ, ಕೈ ಚಾಚಿದರೆ ಪಟಪಟ ಬಡಿಯುವುದು, ಏನೇನೋ ಮಾತಾಡುವುದು. ಶುಗರ್ ಇಳಿದಾಗಲೂ ಬಹುಪಾಲು ಹೀಗೇ ಆಗುತ್ತದೆ. ನೋಡಿದರೆ ವ್ಯತ್ಯಾಸ ಗೊತ್ತಾಗುವುದಿಲ್ಲ, ಮೀಟರಿಗೆ ಮಾತ್ರ ಗೊತ್ತಾಗುತ್ತದೆ.

ಒಮ್ಮೆ ಬೆಳಗಿನ ಜಾವ ದೊಡ್ಡಪ್ಪ ಹಾಸಿಗೆ ಮೇಲೆ ಕೂತು ಹೊದಿಕೆಯ ಅಂಚನ್ನು ಮಡಚುತ್ತಲೇ ಇದ್ದರು. ಕರೆದರೆ ತಿರುಗಿ ನೋಡುತ್ತಾರೆ, ಹೆಸರು ಬಾಯಿಗೆ ಬರುತ್ತಿಲ್ಲ. ಚಳಿಗಾಲ, ಆದರೂ ಬನಿಯನ್ ಬೆನ್ನಿಗೆ ಅಂಟಿಕೊಂಡಿತ್ತು. ಕೈ ನಡುಗುತ್ತಿರಲಿಲ್ಲ, ಎದೆ ಹೊಡೆದುಕೊಳ್ಳುತ್ತಿರಲಿಲ್ಲ. ಮೀಟರ್ 48 ತೋರಿಸಿತು. ನಡುಕ ಇಲ್ಲದಿರುವುದಕ್ಕೂ ಕಾರಣ ಇದೆ. ಅನ್ನನಾಳದ ರಕ್ತನಾಳ ಒಡೆಯದಿರಲಿ ಅಂತ ಕೊಡುವ ಪ್ರೊಪ್ರನಲಾಲ್, ಕಾರ್ವೆಡಿಲಾಲ್ ಮಾತ್ರೆಗಳು ಶುಗರ್ ಇಳಿದಾಗಿನ ನಡುಕ, ಎದೆಬಡಿತವನ್ನು ಮುಚ್ಚಿಬಿಡುತ್ತವೆ. ಬೆವರನ್ನು ಮಾತ್ರ ಮುಚ್ಚುವುದಿಲ್ಲ. ಹಾಗಂತ ಆ ಮಾತ್ರೆ ನಿಲ್ಲಿಸಬೇಡಿ. ಬೆವರು ಕಂಡರೆ ಮೀಟರ್ ಹಿಡಿಯಿರಿ.

70ಕ್ಕಿಂತ ಕಡಿಮೆ ಇದ್ದು, ನುಂಗುವಷ್ಟು ಎಚ್ಚರ ಇದ್ದರೆ ಮೂರು ಟೀ ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ ನೀರಿಗೆ ಹಾಕಿ ಕುಡಿಸಿ. 15 ನಿಮಿಷಕ್ಕೆ ಮತ್ತೆ ನೋಡಿ. ಏರದಿದ್ದರೆ ಇನ್ನೊಮ್ಮೆ. ಏರಿದ ಮೇಲೆ ಊಟ ಕೊಡಿ. ಎಚ್ಚರ ಇಲ್ಲದವರ ಬಾಯಿಗೆ ಏನನ್ನೂ ಹಾಕಬೇಡಿ. ಪಕ್ಕಕ್ಕೆ ಮಲಗಿಸಿ 108ಕ್ಕೆ ಕರೆ ಮಾಡಿ. ಇಂಥವರಿಗೆ ಗ್ಲುಕಗಾನ್ ಇಂಜೆಕ್ಷನ್ ಕೂಡ ಅಷ್ಟಾಗಿ ಕೆಲಸ ಮಾಡುವುದಿಲ್ಲ, ಲಿವರಿನಲ್ಲಿ ಕೂಡಿಟ್ಟ ಸಕ್ಕರೆ ಇದ್ದರೆ ತಾನೇ ಅದು ಹೊರತರುವುದು? ಡ್ರಿಪ್ಪಿನಲ್ಲೇ ಗ್ಲೂಕೋಸ್ ಹೋಗಬೇಕು. ಗ್ಲಿಮೆಪಿರೈಡ್ ಗುಂಪಿನ ಮಾತ್ರೆಯಿಂದ ಇಳಿದಿದ್ದರೆ ಎದ್ದು ಕೂತು ಮಾತಾಡಿದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಒಂದು ದಿನದವರೆಗೆ ಮತ್ತೆ ಮತ್ತೆ ಇಳಿಯಬಹುದು. ತಾಲ್ಲೂಕು ಆಸ್ಪತ್ರೆ ಹತ್ತಿರ ಇದ್ದರೆ ಮೊದಲು ಅಲ್ಲಿಗೆ. ಹಾಸನದ ದೊಡ್ಡ ಆಸ್ಪತ್ರೆ ಹಿಮ್ಸ್ ತನಕ ಹೋಗಲು ಕಾಯಬೇಡಿ.

ಶುಗರ್ 130 ಇದ್ದೂ ಮಂಕಾಗಿದ್ದರೆ ಅದು ಲಿವರಿನದೇ ಇರಬಹುದು. ಮಲಬದ್ಧತೆ, ಸೋಂಕು, ರಕ್ತಸ್ರಾವ ಯಾವುದರಿಂದಲಾದರೂ ಬಂದಿರಬಹುದು, ಆಸ್ಪತ್ರೆಗೆ ಹೋಗಲೇಬೇಕು. ಮಲ ಸಡಿಲಿಸಿ ಮಂಕು ತಡೆಯಲು ಕೊಡುವ ಲ್ಯಾಕ್ಟುಲೋಸ್ ಸಿರಪ್ ಸಿಹಿಯಾಗಿದೆ, ಶುಗರ್ ಏರುತ್ತದೆ ಅಂತ ನಿಲ್ಲಿಸುವವರಿದ್ದಾರೆ. ಅದು ಕರುಳಿನಲ್ಲಿ ಹೆಚ್ಚುಕಡಿಮೆ ಹೀರಿಕೊಳ್ಳುವುದೇ ಇಲ್ಲ. ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಮಲ ಹೋಗುವಷ್ಟು ಕೊಡಲೇಬೇಕು.

ಜ್ವರ, ಹೊಟ್ಟೆನೋವು, ಕಪ್ಪು ಮಲ, ರಕ್ತವಾಂತಿ, ಮೂತ್ರ ಕಡಿಮೆಯಾಗುವುದು, ಕಾರಣವಿಲ್ಲದೆ ಶುಗರ್ 300 ದಾಟುವುದು: ಇವಕ್ಕೆಲ್ಲ ಅವತ್ತೇ ಹೋಗಬೇಕು. ಹೊಟ್ಟೆಯ ನೀರಿಗೆ ಸೋಂಕಾದಾಗ ಕೆಲವೊಮ್ಮೆ ಮೊದಲು ಕಾಣುವುದು ಶುಗರ್ ಏರಿದ್ದು ಮಾತ್ರ.

8. ಇವನ್ನು ಮನೆಯೊಳಗೆ ಬಿಡಬೇಡಿ

ಮದ್ಯ ಪೂರ್ತಿ ನಿಲ್ಲಬೇಕು. ಮನೆಯಲ್ಲೇ ಮಾಡಿದ ಹಣ್ಣಿನ ವೈನ್ ಕೂಡ ಮದ್ಯವೇ. ಅರಿಷ್ಟಗಳಲ್ಲೂ ಮದ್ಯದ ಅಂಶ ಇರುತ್ತದೆ, ಬೆಲ್ಲವೂ ಇರುತ್ತದೆ. ಮೈಕೈ ನೋವಿಗೆ ಅಂಗಡಿಯಲ್ಲಿ ಕೊಡುವ ಡೈಕ್ಲೊಫಿನಾಕ್, ಅಸಿಕ್ಲೊಫಿನಾಕ್, ಐಬುಪ್ರೊಫೇನ್ ಬೇಡ, ಕಿಡ್ನಿ ಕೆಡಿಸುತ್ತವೆ, ರಕ್ತಸ್ರಾವ ಮಾಡಿಸುತ್ತವೆ. ಪ್ಯಾರಾಸಿಟಮಾಲ್ ದಿನಕ್ಕೆ 2 ಗ್ರಾಂ ಮೀರದಂತೆ, ಡಾಕ್ಟರನ್ನು ಕೇಳಿ.

ಅಮೃತಬಳ್ಳಿ ಶುಗರಿಗೆ ಒಳ್ಳೆಯದು ಅಂತ ಹಿತ್ತಲಿನಿಂದ ಎಲೆ ಕಿತ್ತು ತಿನ್ನುವವರು ನಮ್ಮ ಕಡೆ ಎಷ್ಟೋ ಜನ. 2021ರಲ್ಲಿ ಮುಂಬೈನ ವೈದ್ಯರು ಅಮೃತಬಳ್ಳಿ ತಿಂದು ಲಿವರ್‌ಗೆ ಪೆಟ್ಟಾದವರ ಬಗ್ಗೆ ವರದಿ ಮಾಡಿದ್ದಾರೆ. ಮೊದಲೇ ಲಿವರ್ ಸೋತವರ ಮೇಲೆ ಇಂಥ ಪ್ರಯೋಗ ಬೇಡ. ಕೊಟ್ಟವರ ಮನಸ್ಸು ಒಳ್ಳೆಯದೇ ಇರುತ್ತದೆ. ಕೈಮುಗಿದು ಬೇಡ ಅನ್ನಿ.

9. ಸ್ಕ್ಯಾನಿಂಗ್, ಎಂಡೋಸ್ಕೋಪಿ ದಿನ

ಸಿರೋಸಿಸ್ ಇರುವವರಿಗೆ ಆರು ತಿಂಗಳಿಗೊಮ್ಮೆ ಹೊಟ್ಟೆ ಸ್ಕ್ಯಾನ್ ಮಾಡುತ್ತಾರೆ, ಲಿವರ್ ಕ್ಯಾನ್ಸರ್ ಇದ್ದರೆ ಬೇಗ ಕಾಣಲಿ ಅಂತ. ಎಂಡೋಸ್ಕೋಪಿಯೂ ಆಗಾಗ ಬರುತ್ತದೆ. ಎರಡಕ್ಕೂ ಖಾಲಿ ಹೊಟ್ಟೆ. ಇಲ್ಲೇ ಜನ ಎಡವುವುದು: ರಾತ್ರಿ ಎಂಟಕ್ಕೆ ಉಂಡು, ನಸುಕಿನ ಬಸ್ಸು ಹತ್ತಿ, ಬೆಂಗಳೂರಿನಲ್ಲಿ ಸರದಿ ಬರುವ ಹೊತ್ತಿಗೆ ಮಧ್ಯಾಹ್ನ.

ಸಮಯ ಗೊತ್ತು ಮಾಡುವಾಗಲೇ "ಇವರಿಗೆ ಸಿರೋಸಿಸ್ ಇದೆ, ಶುಗರ್ ಇದೆ, ಮೊದಲ ಸರದಿ ಕೊಡಿ" ಅಂತ ಕೇಳಿ. ಎಷ್ಟು ಗಂಟೆವರೆಗೆ ತಿನ್ನಬಹುದು, ಎಷ್ಟು ಗಂಟೆವರೆಗೆ ನೀರು ಕುಡಿಯಬಹುದು, ಆ ಬೆಳಗ್ಗೆ ಇನ್ಸುಲಿನ್, ಮಾತ್ರೆ ಏನು ಮಾಡಬೇಕು ಅಂತ ಬರೆಸಿಕೊಳ್ಳಿ. ಸಾಧ್ಯವಾದರೆ ಹಿಂದಿನ ರಾತ್ರಿಯೇ ಹೋಗಿ ಉಳಿದುಕೊಳ್ಳಿ, ರಾತ್ರಿಯ ತಿಂಡಿ ತಪ್ಪಿಸಬೇಡಿ. ಬ್ಯಾಗಿನಲ್ಲಿ ಮೀಟರ್, ಅದರ ಸ್ಟ್ರಿಪ್‌ಗಳು, ಗ್ಲೂಕೋಸ್ ಪುಡಿ, ಹಿಂದಿನ ರಿಪೋರ್ಟು, ಈಗಿನ ಮಾತ್ರೆಗಳ ಪಟ್ಟಿ, ಊಟದ ಡಬ್ಬಿ ಇರಲಿ. ಕಾಯುವಾಗ ಎರಡು ಗಂಟೆಗೊಮ್ಮೆ ಬೆರಳು ನೋಡಿ. ಇಳಿಯುತ್ತಿದ್ದರೆ ಸರದಿಗಾಗಿ ಸುಮ್ಮನೆ ಕೂರಬೇಡಿ, ನರ್ಸ್ ಹತ್ತಿರ ಹೋಗಿ ಸಂಖ್ಯೆ ತೋರಿಸಿ.

ಅಲ್ಲಿರುವಾಗಲೇ ಲಿವರ್ ಕಸಿಯ ಬಗ್ಗೆಯೂ ಕೇಳಿ. ಕಸಿಗೆ ಪರಿಗಣಿಸುವಾಗ ಮೈಯಲ್ಲಿ ಎಷ್ಟು ಮಾಂಸ ಉಳಿದಿದೆ, ಶುಗರ್ ಹೇಗಿದೆ ಎರಡನ್ನೂ ನೋಡುತ್ತಾರೆ. ನಮ್ಮ ರಾಜ್ಯದಲ್ಲಿ ಮೃತರ ಅಂಗ ಹಂಚಿಕೆಯನ್ನು ನೋಡಿಕೊಳ್ಳುವುದು ಜೀವಸಾರ್ಥಕತೆ ಎಂಬ ಸಂಸ್ಥೆ, ಹೆಸರು ನೋಂದಾಯಿಸುವುದು ಕಸಿ ಮಾಡುವ ಆಸ್ಪತ್ರೆಯ ಮೂಲಕ. ಮತ್ತೆ, ಪರೀಕ್ಷೆ ಮುಗಿದು ಇನ್ನು ತಿನ್ನಬಹುದು ಅಂತ ನರ್ಸ್ ಹೇಳಿದ ತಕ್ಷಣ ಊಟದ ಡಬ್ಬಿ ತೆಗೆಯಿರಿ. ಬಿಲ್ ಕಟ್ಟುವುದು, ರಿಪೋರ್ಟು ತರುವುದು ಅವರು ಉಂಡ ಮೇಲೆ ಮಾಡಿದರಾಯಿತು.